ತೊಗರಿ ಹೊಟ್ಟಿನ ಎರಡನೇ ಚೀಲ

ಪುಣೆ ಸ್ಟೇಷನ್ನಿನಲ್ಲಿ ಇಳಿದು ಐದು ನಿಮಿಷ ಆಗಿರಲಿಲ್ಲ, ಒಬ್ಬ ಹುಡುಗಿಗೆ ಹೊಡೆದೆ. ತಪ್ಪು ನನ್ನದಲ್ಲ. ಎರಡು ಚೀಲ ತೊಗರಿ ಹೊಟ್ಟು, ಒಂದು ಬಟ್ಟೆಯ ಗಂಟು, ಒಂದು ತಗಡಿನ ಡಬ್ಬಿ ಕಾಲ ಬಳಿ ಇಟ್ಟುಕೊಂಡು ನಿಂತಿದ್ದೆ. ತಲೆಯಿಂದ ಗದ್ದದವರೆಗೆ ಓಢಣಿ ಸುತ್ತಿ, ಎರಡು ಕಣ್ಣು ಮಾತ್ರ ಬಿಟ್ಟುಕೊಂಡ ಒಬ್ಬಳು ನೆಟ್ಟಗೆ ಬಂದು ಚೀಲದ ಕೊರಳಿಗೆ ಕೈ ಹಾಕಿದಳು. ನಮ್ಮ ಇಂಡಿ ಕಡೆ ಮುಖ ಮುಚ್ಚಿಕೊಂಡು ಬಂದು ಮಂದಿಯ ಚೀಲಕ್ಕೆ ಕೈ ಹಾಕುವವರಿಗೆ ಬೇರೆ ಹೆಸರಿದೆ. ಕೈ ಮೇಲೆ ಫಟ್ ಎಂದು ಒಂದು ಕೊಟ್ಟೆ.

“ಆಯಿ! ನಾನ ಅದೀನಿ, ಭಾಗ್ಯಾ!”

ನನ್ನ ಮೊಮ್ಮಗಳು. ನಮ್ಮಲ್ಲಿ ಆಯಿ ಎಂದರೆ ಅಜ್ಜಿ. ಪುಣೆಯಲ್ಲಿ ಆಯಿ ಎಂದರೆ ತಾಯಿ. ಹಾಗಾಗಿ ಮುಂದೆ ಎಷ್ಟೋ ದಿನ ನೆರೆಯವರು ಈ ಮುದುಕಿಗೆ ಇಷ್ಟು ತಡವಾಗಿ ಮಗಳು ಹುಟ್ಟಿದಳೇ ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ್ದುಂಟು.

ಭಾಗ್ಯಾ ಓಢಣಿ ಬಿಚ್ಚಿ ಕಾಲು ಮುಟ್ಟಿದಳು. ಇಲ್ಲಿ ಸ್ಕೂಟರ್ ಓಡಿಸುವ ಹುಡುಗಿಯರೆಲ್ಲ ಧೂಳಿಗೆ ಹಾಗೆ ಸುತ್ತಿಕೊಳ್ಳುತ್ತಾರಂತೆ. ಅದು ಇರಲಿ ಎಂದು ಬಿಟ್ಟೆ. ಆದರೆ ನನ್ನ ಕಾಲು ಮುಟ್ಟಿದ ಬೆರಳುಗಳ ಉಗುರೆಲ್ಲ ಕರ್ರಗಿದ್ದವು. ಮೊಮ್ಮಗಳು ಪಿಎಚ್‌ಡಿ ಮಾಡುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು.

“ಏನವ್ವ ಇದು? ಪಿಎಚ್‌ಡಿ ಅಂದ್ರ ಇದ್ದಲಿ ಮಾರೂದೇನು?”

“ಮಾರೂದಲ್ಲ ಆಯಿ, ಮಾಡೂದು.”

ಹುಡುಗಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಇಲ್ಲ, ನಿಜವನ್ನೇ ಹೇಳಿದ್ದಳು.

ನಾನು ಪುಣೆಗೆ ಆಸೆಪಟ್ಟು ಬಂದವಳಲ್ಲ, ಕಳಿಸಿದ್ದಕ್ಕೆ ಬಂದವಳು. ಹಾಸ್ಟೆಲ್ಲಿನ ಊಟ ತಿಂದು ಭಾಗ್ಯಾಳಿಗೆ ಕಾಮಾಲೆ ಆಯಿತು. ಮಗ ಸೊಸೆ ಇಬ್ಬರಿಗೂ ಬಿಡುವಿಲ್ಲದ ಕೆಲಸ. ಮನೆಯಲ್ಲಿ ಕೈ ಖಾಲಿ ಇದ್ದವಳು ನಾನೊಬ್ಬಳೇ. ಖಾಲಿ ಇದ್ದ ಗಾಡಿಗೆ ಸಾಮಾನು ಹೇರುವ ಹಾಗೆ ಕೆಲಸ ನನ್ನ ಮೇಲೆ ಬಂತು. ಬರುವಾಗ ಎರಡು ಚೀಲ ತೊಗರಿ ಹೊಟ್ಟು ತಗೊಂಡು ಬಾ ಎಂದು ಅವಳು ಫೋನು ಮಾಡಿದಾಗ, ಹುಡುಗಿ ಪುಣೆಯಲ್ಲಿ ಎಮ್ಮೆ ಕಟ್ಟಿದ್ದಾಳೆ ಎಂದೇ ತಿಳಿದೆ. ದೌಂಡದವರೆಗೆ ಕಿಟಕಿಯಲ್ಲಿ ಕಬ್ಬು ನೋಡುತ್ತ, ಎಮ್ಮೆಗೆ ಕಬ್ಬಿನ ಸೋಗೆ ಇಲ್ಲೇ ಸಿಗುವಾಗ ನಮ್ಮೂರ ಹೊಟ್ಟು ಯಾಕೆ ಎಂದು ಯೋಚಿಸಿದೆ.

ಎಮ್ಮೆ ಇರಲಿಲ್ಲ. ಧನಕವಡಿಯಲ್ಲಿ ಮೂರನೇ ಮಹಡಿಯ ಮೇಲೆ ಎರಡು ಕೋಣೆ ಇದ್ದವು. ಊರಿನಲ್ಲಿ ನಾನು ಬಾಗಿಲು ತೆರೆದರೆ ಬೀದಿ. ಇಲ್ಲಿ ಬಾಗಿಲು ತೆರೆದರೆ ಇನ್ನೊಂದು ಬಾಗಿಲು, ಅದೂ ಮುಚ್ಚಿದ್ದು. ಭಾಗ್ಯಾ ಬೆಳಿಗ್ಗೆ ಲ್ಯಾಬಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮೊದಲ ಎರಡು ದಿನ ನಾನು ಮಾತಾಡಿದ್ದು ಕುಕ್ಕರಿನ ಜೊತೆ. ಅದಾದರೂ ಉತ್ತರ ಕೊಡುತ್ತಿತ್ತು.

ನನಗೆ ಜೊತೆ ಸಿಕ್ಕಿದ್ದು ರೊಟ್ಟಿಯಿಂದ. ಬಂದ ಮೂರನೇ ದಿನ ಜೋಳದ ರೊಟ್ಟಿ ಬಡಿಯಲು ಕೂತೆ. ಕಟ್ಟೆ ಕಲ್ಲಿನದು, ಕೈ ಹಳ್ಳಿಯದು. ದಪ್ ದಪ್ ಸದ್ದಾಯಿತು. ಎರಡನೇ ರೊಟ್ಟಿ ತವೆಯ ಮೇಲೆ ಹೋಗುವಷ್ಟರಲ್ಲಿ ಕೆಳಗಿನ ಮನೆಯ ಒಡತಿ ಮೇಲೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ನಮಗೆ ಕೋಣೆ ಬಾಡಿಗೆಗೆ ಕೊಟ್ಟವಳೂ ಅವಳೇ. ಭಾಗ್ಯಾ ಅವಳನ್ನು ಕಾಕು ಎನ್ನುತ್ತಾಳೆ, ಅಂದರೆ ಚಿಕ್ಕಮ್ಮ.

“ಕಾಯ್ ಚಾಲಲಂಯ್? ಭಿಂತ್ ಪಾಡತಾಯ್ ಕಾ?”

ಏನು ನಡೆದಿದೆ, ಗೋಡೆ ಕೆಡವುತ್ತಿದ್ದೀರಾ ಎಂದು ಅದರ ಅರ್ಥ. ಆಗ ನನಗೆ ಅರ್ಥ ಗೊತ್ತಿರಲಿಲ್ಲ, ಮುಖ ಗೊತ್ತಾಯಿತು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಶೇಂಗಾ ಹಿಂಡಿ ಎಂದರೆ ನಮ್ಮ ಚಟ್ನಿಪುಡಿ, ಹಾಕಿ ಕೈಗೆ ಕೊಟ್ಟೆ. ನಿಂತೇ ತಿಂದಳು. ಆಮೇಲೆ ಕೂತು ಇನ್ನೊಂದು ತಿಂದಳು. ಅವರ ಭಾಕರಿಯೂ ನಮ್ಮ ರೊಟ್ಟಿಯೂ ಒಂದೇ ಹಿಟ್ಟು, ಅವರದು ದಪ್ಪ, ನಮ್ಮದು ತೆಳು. ಮರುದಿನ ಅವಳು ಒಂದು ಬಟ್ಟಲು ಆಮ್ಟಿ ತಂದು ಕೊಟ್ಟಳು. ಆಮ್ಟಿ ಎಂದರೆ ನಮ್ಮ ಬ್ಯಾಳಿ ಸಾರೇ, ಬೆಲ್ಲ ಹಾಕಿ ಕೆಡಿಸಿದ್ದು. ನಾನು ಅದನ್ನು ಅವಳ ಮುಖಕ್ಕೇ ಹೇಳಿದೆ, ಕನ್ನಡದಲ್ಲಿ. ಅವಳು ನನ್ನ ಹಿಂಡಿಗೆ ಖಾರ ಜಾಸ್ತಿ ಎಂದು ಮರಾಠಿಯಲ್ಲಿ ಬೈದಳು. ಹಾಗೆ ನಮ್ಮ ಸ್ನೇಹವಾಯಿತು. ಇಬ್ಬರೂ ಅವರವರ ಭಾಷೆಯಲ್ಲೇ ಬೈದಾಡುತ್ತ ಆರು ತಿಂಗಳಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಂತು.

ಬಸ್ಸು ಕಲಿಯುವುದು ಇದಕ್ಕಿಂತ ಕಷ್ಟವಾಯಿತು. ನಾನು ಓದಿದ್ದು ಮೂರನೇ ಇಯತ್ತೆ, ಅದೂ ಕನ್ನಡ. ಇಲ್ಲಿ ಬಸ್ಸಿನ ಹಣೆಯ ಮೇಲೆ ಅಂಕಿಯೂ ಮರಾಠಿ. ಅವರ ಎರಡು, ಮೂರು ನಮ್ಮ ಎರಡು, ಮೂರಿನ ಹಾಗೇ ಇವೆ. ಉಳಿದವು ಬೇರೆ ಮನೆಯವರು. ಕಾಕು ಕ್ಯಾಲೆಂಡರ್ ಹಿಡಿದು ಒಂದೊಂದೇ ಅಂಕಿ ಕಲಿಸಿದಳು. ಒಬ್ಬಳೇ ಮಂಡಿಗೆ ಹೋಗಿ ಬದನೆಕಾಯಿ ತಂದ ದಿನ, ಏನೋ ಗೆದ್ದವಳ ಹಾಗೆ ಚೀಲವನ್ನು ಮೇಜಿನ ಮೇಲೆ ಇಟ್ಟೆ. ಬದನೆಕಾಯಿ ಅರ್ಧ ಹುಳುಕಿದ್ದವು. ಆದರೂ ನಾನೇ ಹೋಗಿ ತಂದದ್ದು.

ಇನ್ನು ಇದ್ದಲಿನ ವಿಷಯ. ಊರಿನವರು ಫೋನಿನಲ್ಲಿ ನಿನ್ನ ಮೊಮ್ಮಗಳು ಏನು ಕಂಡುಹಿಡಿಯುತ್ತಾಳೆ ಎಂದು ಕೇಳುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ಅವಳನ್ನೇ ಕೇಳಿ.

ಒಂದು ಪೆಟ್ಟಿಗೆ ಇದೆ. ಒಂದು ಬದಿಯಿಂದ ಹೈಡ್ರೋಜನ್ ಎಂಬ ಅನಿಲ ಬಿಡುತ್ತಾರೆ, ಇನ್ನೊಂದು ಬದಿಯಿಂದ ನಾವು ಉಸಿರಾಡುವ ಗಾಳಿ. ಬೆಂಕಿ ಇಲ್ಲ, ಹೊಗೆ ಇಲ್ಲ. ಕರೆಂಟು ಹುಟ್ಟುತ್ತದೆ, ಕೊನೆಗೆ ಉಳಿಯುವುದು ನೀರು. ಮದುವೆಯಾದಾಗಿನಿಂದ ಒಲೆ ಊದಿ ಕಣ್ಣು ಕೆಡಿಸಿಕೊಂಡವಳಿಗೆ ಹೊಗೆ ಇಲ್ಲ ಎಂದರೆ ಎಲ್ಲಿಂದ ನಂಬಿಕೆ ಬರಬೇಕು? ಇಲ್ಲ ಎಂದರೆ ಇಲ್ಲವಂತೆ. ಹೈಡ್ರೋಜನ್ ಚುರುಕಂತೆ. ಗಾಳಿಯೊಳಗಿನ ಆಮ್ಲಜನಕವೇ ಮೈಗಳ್ಳ. ಜೋಡಿ ಬಿಟ್ಟು ಒಡೆದು ಕೆಲಸಕ್ಕೆ ಬರುವುದಿಲ್ಲ. ಅದನ್ನು ಒಡೆಯಲು ಪ್ಲಾಟಿನಂ ಬೇಕು. ಬೆಳ್ಳಿಯ ಹಾಗೆ ಕಾಣುವ, ಆದರೆ ಬೆಳ್ಳಿಗಿಂತ ಎಷ್ಟೋ ತುಟ್ಟಿಯ ಲೋಹ.

“ಹಂಗಾರ ಒಂದು ತಗಡು ಹಾಕಿ ಬಿಡ್ರಿ,” ಎಂದೆ.

“ತಗಡಿನ ಮ್ಯಾಲಿಂದಷ್ಟ ಕೆಲಸ ಮಾಡ್ತದ ಆಯಿ. ಒಳಗಿಂದೆಲ್ಲ ದಂಡ. ಅದಕ್ಕ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಕಾಳು ಮಾಡಿ ಇದ್ದಲಿ ಪುಡಿ ಮ್ಯಾಲ ಹಚ್ಚೂದು. ನೀ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಂಗಿಲ್ಲೇನು? ಹಂಗ.”

ಎಳ್ಳು ಎಂದ ಮೇಲೆ ನನಗೆ ದಾರಿ ಸಿಕ್ಕಿತು. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನು ನೋಡಿಲ್ಲ.

“ಎಳ್ಳು ಉದುರತಾವೇನು?”

“ಉದುರೂದು ಕಮ್ಮಿ. ಮಷೀನು ನಡದಂಗ ಸರದು ಸರದು, ಒಂದಕ್ಕೊಂದು ಅಂಟಿಕೊಂಡು ಉಂಡಿ ಆಗ್ತಾವ. ಉಂಡಿ ಆದ್ರ ಕೆಲಸ ನಿಂತಂಗ.”

“ಹಂಗಾರ ತಪ್ಪು ಎಳ್ಳಿಂದಲ್ಲ, ರೊಟ್ಟಿದು. ರೊಟ್ಟಿ ಭಾಳ ನುಣ್ಣಗ ಅದ. ಸಣ್ಣ ಸಣ್ಣ ತಗ್ಗು ಇರಬೇಕು, ಎಳ್ಳು ಕೂಡಾಕ.”

ಭಾಗ್ಯಾ ನನ್ನ ಮುಖ ನೋಡಿ ನಕ್ಕಳು. “ಅದನ್ನ ನಾ ಎರಡು ವರ್ಷದಿಂದ ಮಾಡಾಕತ್ತೀನಿ. ನೀ ಒಂದು ಚಾದಾಗ ಹೇಳಿಬಿಟ್ಟಿ.”

ಹೇಳುವುದು ಬೇರೆ, ಮಾಡುವುದು ಬೇರೆ. ಒಳ್ಳೆಯ ತಗ್ಗುಗಳಿರುವ ಇದ್ದಲು ಯಾವುದರಿಂದ ಆಗುತ್ತದೆ ಎಂದು ಅವಳು ಹುಡುಕುತ್ತಿದ್ದಳು. ಅವಳಿಗೆ ಕಲಿಸುವ ಮ್ಯಾಡಮ್ ಪುಣೆಯವರೇ. ಏನಾದರೂ ಅಗ್ಗದ್ದು, ಹೊಲದಲ್ಲಿ ಬಿದ್ದಿರುವಂಥದ್ದು ತಾ ಎಂದಾಗ ಇವಳು ತೊಗರಿ ಹೊಟ್ಟು ಎಂದಿದ್ದಳು. ಅದನ್ನು ಪುಡಿ ಮಾಡಿ, ಗಾಳಿ ಹೋಗದ ಭಟ್ಟಿಯಲ್ಲಿ ಸುಟ್ಟು, ಆಮ್ಲದಲ್ಲಿ ತೊಳೆದು, ಮೇಲೆ ಪ್ಲಾಟಿನಂ ಕಾಳು ಹಚ್ಚುತ್ತಾರೆ. ಹೊಟ್ಟನ್ನು ಆರಿಸಿ, ತೊಳೆದು, ಒಣಗಿಸುವುದು ಮಾತ್ರ ನನ್ನ ಪಾಲಿಗೆ ಬಂತು. ಲ್ಯಾಬಿನಲ್ಲಿ ಹರವಲು ಜಾಗವಿಲ್ಲ, ನಮಗೆ ಕಾಕುವಿನ ಮಾಳಿಗೆ ಇತ್ತು.

ಮೊದಲ ಚೀಲವನ್ನು ಬೇಸಿಗೆಯಲ್ಲಿ ತೊಳೆದು ಒಣಗಿಸಿ ಕೊಟ್ಟೆ. ಎರಡನೆಯದನ್ನು ತೊಳೆದ ದಿನವೇ ಮಳೆ ಬಂತು. ಪುಣೆಯ ಮಳೆ ನಮ್ಮ ಕಡೆಯದರ ಹಾಗಲ್ಲ. ನಮ್ಮದು ಬಂದರೆ ಬಂತು, ಹೋದರೆ ಹೋಯಿತು. ಇಲ್ಲಿಯದು ಬಾಡಿಗೆದಾರನ ಹಾಗೆ ತಿಂಗಳುಗಟ್ಟಲೆ ಇರುತ್ತದೆ. ಹೊಟ್ಟನ್ನು ಕೋಣೆಯೊಳಗೆ ಹರವಿ, ಹೇಗೋ ಆರಿಸಿ, ಚೀಲಕ್ಕೆ ತುಂಬಿಟ್ಟೆ. ಸೆಪ್ಟೆಂಬರಿನಲ್ಲಿ ಭಾಗ್ಯಾ ಅದನ್ನು ಒಯ್ದಳು.

ಗಣಪತಿ ಕಳಿಸಿದ ಮರುವಾರ ಒಂದು ಸಂಜೆ ಅವಳು ಪೇಢೆಯ ಡಬ್ಬಿ ಹಿಡಿದು ಮೆಟ್ಟಿಲು ಹಾರಿಕೊಂಡು ಬಂದಳು. ಎರಡನೇ ಚೀಲದ ಇದ್ದಲು ಗೆದ್ದಿತ್ತು. ಒಂದು ಗಾಜಿನ ಪಾತ್ರೆಯಲ್ಲಿ ಆಮ್ಲ ಹಾಕಿ, ತಿರುಗುವ ಕಡ್ಡಿಯ ತುದಿಗೆ ಆ ಕರಿ ಪುಡಿ ಹಚ್ಚಿ ನೋಡುತ್ತಾರೆ. ಕಂಪ್ಯೂಟರಿನಲ್ಲಿ ಒಂದು ಗೆರೆ ಬರುತ್ತದೆ. ಗೆರೆ ಎಷ್ಟು ಬಲಕ್ಕೆ ಸರಿದರೆ ಅಷ್ಟು ಒಳ್ಳೆಯದು. ಈ ಗೆರೆ ಬಲಕ್ಕೆ ಹೋಗಿ ಕೂತಿತ್ತು. ಸಾವಿರ ಸಾವಿರ ಸುತ್ತು ನಡೆಸಿದರೂ ಜಾಗ ಬಿಡಲಿಲ್ಲವಂತೆ. ಎಳ್ಳು ಕೂತಲ್ಲೇ ಕೂತಿತ್ತು. ಮ್ಯಾಡಮ್ ಅವಳ ಬೆನ್ನು ತಟ್ಟಿ, ಇದನ್ನು ಬರೆದು ಕಳಿಸೋಣ ಎಂದರಂತೆ. ಕಾಕು ನಾಲ್ಕು ಪೇಢೆ ತಿಂದಳು, ಏನು ಗೆದ್ದದ್ದು ಎಂದು ಕೇಳಿದ್ದು ಆಮೇಲೆ.

ಬರೆದು ಕಳಿಸುವ ಮೊದಲು ಇನ್ನೊಮ್ಮೆ ಮಾಡಿ ತೋರಿಸಬೇಕು. ಅದು ಅವರ ಪದ್ಧತಿ, ಒಳ್ಳೆಯ ಪದ್ಧತಿ. ಎರಡನೇ ಚೀಲ ಅಷ್ಟರಲ್ಲಿ ಮುಗಿದಿತ್ತು. ಮೊದಲ ಚೀಲದಲ್ಲಿ ಉಳಿದದ್ದನ್ನು ಸುಟ್ಟಳು; ಗೆರೆ ಸರಿಯಲಿಲ್ಲ. ಹೊಸ ಸುಗ್ಗಿಯ ಹೊಟ್ಟು ಮಗ ಕಳಿಸಿದ. ನಾನು ಚಳಿಗಾಲದ ಬಿಸಿಲಿನಲ್ಲಿ ತೊಳೆದು ಒಣಗಿಸಿ ಕೊಟ್ಟೆ. ಅದೂ ಸರಿಯಲಿಲ್ಲ. ಮೂರು ಸಲ ಮಾಡಿದಳು. ಮೂರು ಸಲವೂ ಗೆರೆ ಎಡಕ್ಕೇ ನಿಂತಿತು.

ಹುಡುಗಿ ಊಟ ಬಿಟ್ಟಳು. ನಾನು ಕಾಮಾಲೆ ತಿರುಗಿ ಬಂತೋ ಎಂದು ಕಣ್ಣಿನ ರೆಪ್ಪೆ ಎತ್ತಿ ನೋಡಿದೆ.

“ಮ್ಯಾಡಮ್ ಬೈದ್ರೇನು?”

“ಬೈದಿದ್ರ ಛಲೋ ಇತ್ತು ಆಯಿ. ‘ಆ ಪುಟ ತೆಗೆದುಬಿಡು’ ಅಂದ್ರು. ಲ್ಯಾಬಿನಾಗ ಒಬ್ಬಾಕಿ ನಕ್ಕೋತ ಕೇಳಿದ್ಲು, ‘ಆ ದಿನ ಪ್ಲಾಟಿನಂ ಕೈ ಜಾರಿ ಜಾಸ್ತಿ ಬಿದ್ದಿತ್ತೇನು’ ಅಂತ.”

ಅದರ ಅರ್ಥ ನನಗೂ ಆಯಿತು. ಎಳ್ಳು ಜಾಸ್ತಿ ಉದುರಿಸಿ ನನ್ನ ರೊಟ್ಟಿಯೇ ಚೆಂದ ಎಂದವಳು ಎಂದು. ಸಂಕ್ರಾಂತಿ ಮುಗಿದ ಮರುವಾರ ನಾಲ್ಕು ದೊಡ್ಡವರ ಸಮಿತಿ ಕೂಡುವುದಿತ್ತು. ಅಷ್ಟರಲ್ಲಿ ತೋರಿಸದಿದ್ದರೆ ತೊಗರಿ ಹೊಟ್ಟು ಬಿಟ್ಟು ಬೇರೆ ವಿಷಯ. ಎರಡು ವರ್ಷ ನೀರಿಗೆ ಹೋದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಬರೆದವಳು ಎಂಬ ಹೆಸರು ಮೈಗೆ ಅಂಟುತ್ತಿತ್ತು. ಆ ಕಲೆ ಯಾವ ಆಮ್ಲದಲ್ಲೂ ಹೋಗುವುದಿಲ್ಲ.

“ಎರಡನೇ ಚೀಲ ಹೆಂಗ ತೊಳದಿದ್ದಿ ಆಯಿ?” ಎಂದು ನೋಟುಬುಕ್ಕು ಹಿಡಿದು ಕೇಳಿದಳು.

“ಹೆಂಗ ತೊಳೀತಾರ? ನೀರಾಗ.”

“ಮೂರು ಸಲಾನ?”

“ಮೂರು ಸಲಾನ.”

ನಾನು ಸುಳ್ಳು ಹೇಳಲಿಲ್ಲ. ತೊಳೆದದ್ದನ್ನು ಕೇಳಿದಳು, ತೊಳೆದದ್ದನ್ನು ಹೇಳಿದೆ.

ಸಮಿತಿಗೆ ಹತ್ತು ದಿನ ಇರುವಾಗ ಕಾಕು ಒಂದು ಮೊರದಷ್ಟು ಹೆಸರುಕಾಳು ಹೊತ್ತು ಮೇಲೆ ಬಂದಳು. ಕಾಳಿಗೆ ಹುಳು ಬಿದ್ದಿತ್ತು. “ನಿನ್ನ ಊರಿನ ಉಪಾಯ ಮಾಡು,” ಎಂದಳು. ನಮ್ಮಲ್ಲಿ ಕಾಳಿಗೆ ಹುಳು ಬಾರದ ಹಾಗೆ ಒಲೆಯ ಬೂದಿ ತಿಕ್ಕಿ ಇಡುತ್ತಾರೆ ಎಂದು ನಾನೇ ಹೇಳಿದ್ದೆ. ಬೂದಿ ನನ್ನ ಬಳಿ ಇತ್ತು. ಪಾತ್ರೆ ತಿಕ್ಕಲು ಊರಿನಿಂದ ತಗಡಿನ ಡಬ್ಬಿ ತುಂಬ ತಂದಿದ್ದೆ, ತೊಗರಿ ಕಟ್ಟಿಗೆಯ ಬೂದಿ. ಭಾಗ್ಯಾ ಅದನ್ನು ನೋಡಿ, “ಇಲ್ಲಿ ಸಾಬೂನು ಸಿಗೂದಿಲ್ಲೇನು?” ಎಂದು ನಕ್ಕಿದ್ದಳು. ಡಬ್ಬಿ ತೆಗೆದೆ. ತಳದಲ್ಲಿ ನಾಲ್ಕೈದು ಹಿಡಿ ಉಳಿದಿತ್ತು.

“ಡಬ್ಬಿ ತುಂಬ ಇತ್ತಲ್ಲ, ಎಲ್ಲಿ ಹೋಯಿತು?” ಎಂದಳು ಕಾಕು.

ಎಲ್ಲಿ ಹೋಯಿತು? ಆಗ ನೆನಪಾಯಿತು. ಮಳೆಗಾಲದಲ್ಲಿ ಎರಡನೇ ಚೀಲದ ಹೊಟ್ಟು ಸರಿಯಾಗಿ ಒಣಗಿರಲಿಲ್ಲ. ಹಸಿ ಹೊಟ್ಟಿಗೆ ಹುಳು ಬೀಳುತ್ತದೆ ಎಂದು, ಬೂದಿ ಅಂಟಲಿ ಅಂತ ಇನ್ನಷ್ಟು ನೀರು ಚಿಮುಕಿಸಿ ತಿಕ್ಕಿ, ಮತ್ತೆ ಆರಿಸಿ ತುಂಬಿದ್ದೆ. ಕೊಡುವ ದಿನ ಕೇರಿ ಕೊಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಏನಿತ್ತು? ಸಾರಿಗೆ ಉಪ್ಪು ಹಾಕಿದೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಮಳೆಗಾಲಕ್ಕೆ ಇಡುವುದಕ್ಕೆ ಬೂದಿ ಹಚ್ಚುವುದು ನನ್ನ ಕೈ ಮಾಡಿದ ಕೆಲಸ, ತಲೆಗೆ ಅದರ ಸುದ್ದಿಯೇ ಇರಲಿಲ್ಲ. ಮೊದಲ ಚೀಲಕ್ಕೂ ಮೂರನೆಯದಕ್ಕೂ ಒಳ್ಳೆಯ ಬಿಸಿಲು ಸಿಕ್ಕಿತ್ತು, ಬೂದಿ ಬೇಕಾಗಿರಲಿಲ್ಲ.

ಕಾಕುವಿಗೆ ಬೂದಿ ಕೊಡಲಿಲ್ಲ. ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟೆ. ಆಮೇಲೆ ಎರಡು ದಿನ ಬಾಯಿಯನ್ನೂ ಮುಚ್ಚಿಕೊಂಡಿದ್ದೆ.

ಇದನ್ನು ಬರೆಯಲು ನನಗೆ ಹೆಮ್ಮೆಯಿಲ್ಲ. ಆದರೆ ಇದ್ದದ್ದು ಇದ್ದ ಹಾಗೆ. ಹೇಳಿದರೆ, ಲ್ಯಾಬಿಗೆ ಕೊಡುವ ಮಾಲಿಗೆ ಮುದುಕಿ ಒಲೆಯ ಕಸ ಬೆರೆಸಿದಳು ಎಂದು ಮೊಮ್ಮಗಳು ನಗೆಪಾಟಲಾಗುತ್ತಾಳೆ. ಅದು ಒಂದು ಹೆದರಿಕೆ. ಇನ್ನೊಂದು ಹೆದರಿಕೆ ನನ್ನದೇ. ಕಾಮಾಲೆ ಯಾವಾಗಲೋ ಹೋಗಿತ್ತು. ಇಂಥ ಕೆಲಸ ಮಾಡಿದವಳನ್ನು ಇನ್ನು ಯಾಕೆ ಇಟ್ಟುಕೊಳ್ಳುತ್ತಾರೆ, ಊರಿಗೆ ಕಳಿಸುತ್ತಾರೆ. ಒಲ್ಲೆ ಒಲ್ಲೆ ಎನ್ನುತ್ತ ಬಂದವಳು ಈಗ ಕಳಿಸಿಬಿಟ್ಟಾರು ಎಂದು ಹೆದರುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೂರನೇ ದಿನ ಕಾಕುವಿಗೆ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು, “ಸಾಂಗೂನ್ ಟಾಕ್, ನೀಲವ್ವಾ,” ಎಂದಳು. ಹೇಳಿ ಮುಗಿಸು ಎಂದು. “ಪೋರೀ ಖೋಟಂ ಬೋಲತ್ ನಾಹೀ, ಹೇ ತುಲಾ ಏಕಟೀಲಾಚ್ ಠಾಊಕ್ ಆಹೇ.” ಹುಡುಗಿ ಸುಳ್ಳಿಯಲ್ಲ ಎಂಬುದು ನಿನಗೊಬ್ಬಳಿಗೇ ಗೊತ್ತಿದೆ ಎಂದರೆ ಇನ್ನು ಮಾತೇನಿದೆ?

ಭಾಗ್ಯಾಳಿಗೆ ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನಾಚಿಕೊಂಡು ಮುಚ್ಚಿಟ್ಟಾಳು, ನನ್ನ ಮೊಮ್ಮಗಳಲ್ಲವೇ. ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಿಟಿ ಬಸ್ಸು ಹಿಡಿದು ನೇರ ಲ್ಯಾಬಿಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಅಲ್ಲಿದ್ದ ಹುಡುಗಿ ಹಾಕಿಕೊಳ್ಳಿ ಹಾಕಿಕೊಳ್ಳಿ ಎಂದಳು. ಅಡುಗೆಮನೆಗಿಂತ ಶುಚಿಯಾದ ಜಾಗ, ಅಲ್ಲಿ ಚಪ್ಪಲಿ ಹಾಕಿಕೊಂಡು ಅಡ್ಡಾಡುತ್ತಾರೆ!

ಮ್ಯಾಡಮ್ ಸಣ್ಣ ಆಳು, ತಲೆ ನನ್ನ ಹಾಗೇ ಬೆಳ್ಳಗೆ. “ಯಾ ಆಜೀ, ಬಸಾ,” ಎಂದರು. ಬನ್ನಿ ಅಜ್ಜಿ, ಕೂಡಿ ಎಂದು. ನಾನು ಕೂಡಲಿಲ್ಲ. ಡಬ್ಬಿಯನ್ನು ಅವರ ಮೇಜಿನ ಮೇಲೆ ಇಟ್ಟು, ಬಂದಷ್ಟು ಮರಾಠಿಯಲ್ಲಿ ಎಲ್ಲ ಹೇಳಿದೆ: ಹುಡುಗಿ ಸುಳ್ಳು ಬರೆದಿಲ್ಲ, ಆ ಚೀಲಕ್ಕೆ ನಾನು ಬೂದಿ ಹಚ್ಚಿದ್ದೆ, ಅವಳಿಗೆ ಗೊತ್ತಿಲ್ಲ, ಬೈಯುವುದಿದ್ದರೆ ನನಗೆ ಬೈಯಿರಿ.

ಮಗ್ಗುಲಿನ ಕೋಣೆಯಿಂದ ಭಾಗ್ಯಾ ಬಂದು ಬಾಗಿಲಲ್ಲಿ ನಿಂತಿದ್ದಳು.

“ಬೂದಿ?” ಎಂದಳು. “ಆಯಿ, ನನ್ನ ಎರಡು ವರ್ಷದ ಕೆಲಸ, ನಿನ್ನ ಪಾತ್ರಿ ತಿಕ್ಕೂ ಬೂದಿ?”

“ಹೌದವ್ವ. ಏನ್ ಮಾಡ್ಲಿ ಈಗ? ಹುಳು ಬೀಳ್ತದಂತ ಹಚ್ಚಿದೆ.”

“ನಾ ಕೇಳಿದಾಗ ಯಾಕ ಹೇಳಲಿಲ್ಲ?”

“ನೀ ತೊಳದದ್ದು ಕೇಳಿದಿ. ತಿಕ್ಕಿದ್ದು ಕೇಳಲಿಲ್ಲ.”

ಮ್ಯಾಡಮ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರು.

“ಕುಠಲೀ ರಾಖ್?” ಎಂದರು. ಯಾವುದರ ಬೂದಿ?

“ತೊಗರಿ ಕಟಗಿದು.”

“ನೀರು ಹಚ್ಚಿ ತಿಕ್ಕಿದ್ದಿರಾ, ಒಣ ಬೂದಿಯನ್ನೇ?”

“ನೀರು ಚಿಮುಕಿಸಿ.”

ಆಗ ಮ್ಯಾಡಮ್ ಕುರ್ಚಿಗೆ ಒರಗಿ ಒಂದು ಸಲ ನಕ್ಕರು ನೋಡಿ, ಇಡೀ ಲ್ಯಾಬು ತಿರುಗಿ ನೋಡಿತು. ಅವರು ಭಾಗ್ಯಾಳಿಗೆ ಏನೇನೋ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ನನಗೆ ತಿಳಿದದ್ದು ಇಷ್ಟು. ಬೂದಿಯಲ್ಲಿ ಒಂದು ಕ್ಷಾರ ಇರುತ್ತದೆ, ಬಟ್ಟೆಯ ಕೊಳೆ ತೆಗೆಯುವುದೂ ಅದೇ. ನೀರಿನ ಜೊತೆ ಅದು ಹೊಟ್ಟಿನೊಳಗೆ ಇಳಿಯುತ್ತದೆ. ಭಟ್ಟಿಯ ಕಾವಿನಲ್ಲಿ ಇದ್ದಲನ್ನು ಕೊರೆದು ಸಣ್ಣ ಸಣ್ಣ ತಗ್ಗು ಮಾಡುತ್ತದೆ. ದೊಡ್ಡ ಲ್ಯಾಬುಗಳಲ್ಲಿ ಅದಕ್ಕೆಂದೇ ಬಾಟ್ಲಿಯ ಔಷಧ ಹಾಕುತ್ತಾರಂತೆ. ಇದೆಲ್ಲ ಊಹೆ, ಮಾಡಿ ನೋಡದೆ ನಂಬಬೇಡ ಎಂದು ಮ್ಯಾಡಮ್ ಅವಳಿಗೆ ಬೆರಳು ತೋರಿಸಿ ಹೇಳಿದರು. ಮತ್ತೆ ನನ್ನ ಕಡೆ ತಿರುಗಿ, “ಆಜೀ, ಅವತ್ತು ಮಾಡಿದ ಹಾಗೆಯೇ ಇವತ್ತು ಮಾಡಿ ತೋರಿಸಿ,” ಎಂದರು.

ನನಗೆ ಕನ್ನಡಕ ಹಾಕಿಸಿದರು. ಕೈಗೆ ರಬ್ಬರಿನ ಚೀಲ ಕೊಟ್ಟರು. ಅದನ್ನು ಹಾಕಿಕೊಂಡು ಬೂದಿ ತಿಕ್ಕಲು ಬರುತ್ತದೆಯೇ? ತೆಗೆದಿಟ್ಟೆ.

“ಬೇಡ ಆಜೀ, ಕೈಯ ಬೆವರು ಸೇರುತ್ತದೆ.”

“ಅವತ್ತ ಸೇರಿತ್ತಲ್ರಿ,” ಎಂದೆ.

ಮ್ಯಾಡಮ್ ಹೊಟ್ಟಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಸರಿ. ಬರಿ ಕೈ,” ಎಂದರು.

ಎಷ್ಟು ಬೂದಿ ಎಂದು ಭಾಗ್ಯಾ ಕೇಳಿದಳು. ಒಂದು ಮೊರ ಹೊಟ್ಟಿಗೆ ಒಂದು ಹಿಡಿ ಎಂದೆ. ಒಂದು ಹಿಡಿ ಎಂದರೆ ಎಷ್ಟು ಗ್ರಾಂ ಎಂದು ಕೇಳಿದಳು. ಒಂದು ಹಿಡಿ ಎಂದರೆ ಒಂದು ಹಿಡಿ. ಕೊನೆಗೆ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ನನ್ನ ಹಿಡಿಯನ್ನೇ ತೂಗಿದರು. ನಂಬದೆ ಇನ್ನೊಮ್ಮೆ ತೆಗೆದು ಹಾಕಲು ಹೇಳಿದರು. ಮೂರು ಸಲ ಹಾಕಿದೆ. ಮೂರು ಸಲವೂ ಹೆಚ್ಚುಕಡಿಮೆ ಒಂದೇ ತೂಕ. ಕೈ ಜಾರಿ ಬಿದ್ದಿತ್ತೇನು ಎಂದು ಕೇಳಿದ್ದ ಹುಡುಗಿ ಅಲ್ಲೇ ಇದ್ದಳು. ನಾನು ಅವಳನ್ನೇ ನೋಡಿದೆ. ಅವಳು ತಕ್ಕಡಿ ನೋಡಿದಳು.

ಆರಿಸಿ, ಸುಟ್ಟು, ತೊಳೆದು, ಕಾಳು ಹಚ್ಚಿ ಮುಗಿಸಲು ಐದು ದಿನ ಹಿಡಿಯಿತು. ಆ ಐದು ದಿನ ಭಾಗ್ಯಾ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ನಾನೂ ಮಾತು ಬೆಳೆಸಲಿಲ್ಲ, ರೊಟ್ಟಿ ಬಡಿದೆ. ಆರನೇ ದಿನ ನನ್ನನ್ನೂ ಕರೆದೊಯ್ದಳು. ಕಡ್ಡಿ ಗಿರ್ರೆಂದು ತಿರುಗಿತು. ಗೆರೆ ಮೆಲ್ಲಗೆ ಮೂಡಿತು. ಹಳೆಯ ಗೆರೆಯ ಮೇಲೆ ಸರಿಯಾಗಿ ಬೀಳಲಿಲ್ಲ, ಒಂದು ಕೂದಲೆಳೆ ಎಡಕ್ಕೆ ಇತ್ತು. ಆದರೆ ಉಳಿದ ಮೂರನ್ನೂ ಹಿಂದೆ ಬಿಟ್ಟು ಬಲಕ್ಕೆ ಬಂದು ನಿಂತಿತ್ತು. ಭಾಗ್ಯಾ ಸ್ಟೂಲಿನ ಮೇಲೆ ಕೂತು ಅತ್ತಳು. ಅಳಲಿ ಎಂದು ಬಿಟ್ಟೆ.

ಸಮಿತಿಯ ಮುಂದೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ, ತಗಡಿನ ಡಬ್ಬಿಯ ಫೋಟೋ ಹಾಕಿ. ಒಬ್ಬರು ಎಷ್ಟು ಪ್ರಮಾಣ ಎಂದು ಕೇಳಿದರಂತೆ. ಇವಳು ಅಜ್ಜಿಯ ಒಂದು ಹಿಡಿ ಎಂದು ಹೇಳಿ, ಆಮೇಲೆ ತೂಕ ಹೇಳಿದಳಂತೆ. ಎಲ್ಲರೂ ನಕ್ಕರು, ಆದರೆ ಅವಳ ಮೇಲೆ ಅಲ್ಲ. ಪುಟ ಉಳಿಯಿತು. ಬೂದಿಯೊಳಗೆ ಯಾವುದು ಕೆಲಸ ಮಾಡಿತು ಎಂದು ಬಿಡಿಸಿ ತೋರಿಸಲು ಇನ್ನೊಂದು ವರ್ಷ ಕೊಟ್ಟರು. ಲ್ಯಾಬಿಗೆ ಹೋಗುವ ಹೊಟ್ಟನ್ನು ಇನ್ನು ಮೇಲೆ ನಾನು ಮುಟ್ಟುವ ಹಾಗಿಲ್ಲ, ಮುಟ್ಟಿದರೂ ಬರೆದಿಡಬೇಕು ಎಂದು ನನಗೂ ಒಂದು ನೋಟುಬುಕ್ಕು ಕೊಟ್ಟರು. ಈ ಬರವಣಿಗೆಯ ಅಭ್ಯಾಸ ಬಂದದ್ದು ಅದರಿಂದ.

ಮ್ಯಾಡಮ್‌ಗೆ ಹೊಸ ಸಂಶಯ ಬಂತು. ಬೂದಿ ಆ ಊರಿನದಾದ್ದರಿಂದ ಹೀಗಾಯಿತೋ, ಎಲ್ಲಿ ಸುಟ್ಟರೂ ಹೀಗೇ ಆಗುತ್ತದೋ? ಯುಗಾದಿಗೆ ಊರಿಗೆ ಹೋದೆ. ಅಲ್ಲಿ ಬೂದಿ ಸಿಗುವುದೇ ಕಷ್ಟ, ಓಣಿಯೆಲ್ಲ ಗ್ಯಾಸು. ನನ್ನ ಒಲೆ ಇದ್ದ ಮೂಲೆಯಲ್ಲಿ ಸೊಸೆ ಮಿಕ್ಸರ್ ಇಟ್ಟಿದ್ದಳು. ಚೆಂದವೇ ಕಾಣುತ್ತಿತ್ತು. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ತೊಗರಿ ಕಟ್ಟಿಗೆ ಸುಟ್ಟೆ. ಓಣಿಯ ಹೆಂಗಸರು ಬೇಲಿಯ ಮೇಲಿಂದ ಇಣುಕಿ, “ನೀಲವ್ವ, ಪುಣಾದಾಗ ಎಲ್ಲಾ ಸಿಗ್ತದಂತ, ಬೂದಿ ಸಿಗಂಗಿಲ್ಲೇನು?” ಎಂದು ನಕ್ಕರು. ಅಂಗಡಿಯಲ್ಲಿ ನಿಂತು ನನಗೆ ಗೊತ್ತಿಲ್ಲದೆ, “ಕಿತೀ ಝಾಲೇ?” ಎಂದು ಕೇಳಿಬಿಟ್ಟೆ. ಎಷ್ಟಾಯಿತು ಎಂದು. ಹುಟ್ಟಿದಾಗಿನಿಂದ ನನ್ನನ್ನು ನೋಡಿದ ಅಂಗಡಿಯವನು ಮಗನ ಕಡೆ ತಿರುಗಿ, “ನಿಮ್ಮವ್ವಗ ಕನ್ನಡ ಬರ್ತದೇನು?” ಎಂದ. ಮಗನಿಗೆ ನಗು ಬಂತು. ನನಗೆ ಬರಲಿಲ್ಲ.

ಬೂದಿಯ ಜೊತೆ ಒಂದು ಹೊರೆ ಕಟ್ಟಿಗೆಯನ್ನೂ ತಂದೆ. ಅದನ್ನು ಕಾಕುವಿನ ಮಾಳಿಗೆಯ ಮೇಲೆ ಸುಟ್ಟೆ. ಹೊಗೆ ನೋಡಿ ಎದುರು ಕಟ್ಟಡದವರು ಕೂಗಾಡಿದರು. ಕಾಕು ಕಟಾಂಜನಕ್ಕೆ ಬಂದು, “ಪ್ರಯೋಗ್ ಚಾಲೂ ಆಹೇ!” ಎಂದು ಅವರ ಮೇಲೇ ಕೂಗಿದಳು. ಪ್ರಯೋಗ ನಡೆದಿದೆ, ಸುಮ್ಮನಿರಿ ಎಂದು.

ಭಾಗ್ಯಾ ಎರಡು ಬಾಟ್ಲಿಗೆ ಎರಡು ಬೂದಿ ತುಂಬಿ, ಒಂದರ ಮೇಲೆ ಇಂಡಿ, ಇನ್ನೊಂದರ ಮೇಲೆ ಪುಣೆ ಎಂದು ಚೀಟಿ ಹಚ್ಚಿ ಒಯ್ದಳು. ಇಪ್ಪತ್ತು ದಿನಕ್ಕೆ ಗೆರೆ ಬಂತು. ಒಂದರ ಮೇಲೆ ಒಂದು, ಎರಡೂ ಒಂದೇ ಗೆರೆ.

“ಎಲ್ಲಿ ಸುಟ್ರೂ ಅಷ್ಟ ಆಯಿ. ಜಾಗದಿಂದ ಏನೂ ಫರಕ್ ಇಲ್ಲ,” ಎಂದು ಖುಷಿಯಿಂದ ಕುಣಿದಳು. ಅವಳ ಕೆಲಸಕ್ಕೆ ಅದೇ ಬೇಕಿತ್ತಂತೆ. ನನಗೂ ಸಂತೋಷವಾಯಿತು. ಪೂರ್ತಿ ಆಯಿತು ಎಂದು ಹೇಳಲಾರೆ. ಸ್ವಲ್ಪವಾದರೂ ಫರಕು ಇರಬೇಕಿತ್ತು. ಯಾವುದು ಮೇಲಾಗಬೇಕಿತ್ತು ಎಂದು ಮಾತ್ರ ಕೇಳಬೇಡಿ.

ಮೊನ್ನೆ ಸಂಜೆ ಮಗನ ಫೋನು ಬಂತು. ಯಾವಾಗ ಬರುತ್ತೀ ಎಂದು ಕೇಳಿದ.

“ತೊಗರಿ ಸುಗ್ಗಿಗೆ ಬರ್ತೀನಿ. ಕಟಗಿ ಬೇಕು.”

“ಕಟಗಿ ಒಯ್ಯಾಕ ಬರ್ತಿಯೊ ಯವ್ವಾ, ಇರಾಕ ಬರ್ತಿಯೊ?”

“ಗ್ಯಾಸಿನ ಮ್ಯಾಲ ಹಾಲು ಇಟ್ಟೀನಿ, ಉಕ್ಕಾಕತ್ತದ,” ಎಂದು ಫೋನು ಇಟ್ಟೆ.

ಗ್ಯಾಸಿನ ಮೇಲೆ ಏನೂ ಇರಲಿಲ್ಲ.